ಸಾಲು ಮುಚ್ಚದ ಮೇಡಂ

ಹೆಸರು ಬರೆದರೆ ಮನೆಗೆ ಸೇರಿಸುವುದಿಲ್ಲ ಎಂದಿದ್ದಾರೆ. ಅವರು ಹಾಗೆಂದ ಮೇಲೆ ಬರೆಯುವ ಧೈರ್ಯ ನನಗಿಲ್ಲ. ಅವರ ಕೈಯ ಹುಚ್ಚೆಳ್ಳು ಚಟ್ನಿಯನ್ನು ಕಳೆದುಕೊಳ್ಳುವಷ್ಟು ದೊಡ್ಡ ಲೇಖಕನೂ ನಾನಲ್ಲ. ಆದ್ದರಿಂದ ಇಲ್ಲಿ ಅವರು ಬರೀ ಮೇಡಂ. ಅರಸೀಕೆರೆಯ ಪೇಟೆಯಲ್ಲಿ ನಿಂತು ಮೇಡಂ ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡಬಹುದು. ಗುಡ್ಡದ ಮೇಲಿಂದ ಹಾರುವ ನಮ್ಮವರಿಗೆ ಮಾತ್ರ ಇರುವುದು ಒಬ್ಬರೇ ಮೇಡಂ.

ಈ ವರ್ಷ ಅವರು ಕುರ್ಚಿ ಬಿಟ್ಟರು. ಕಣ್ಣಿನ ಪೊರೆ ತೆಗೆಸಿದ ಮೇಲೂ ಲ್ಯಾಪ್‌ಟಾಪಿನ ಸಣ್ಣ ಅಂಕಿಗಳು ಒಂದರ ಮೇಲೊಂದು ಕಾಣುತ್ತವೆ ಎಂದು ತಾವೇ ಎದ್ದು ಹೋದರು. "ಮೂರು ಎಂಟಾಗಿ ಕಂಡ್ರೆ ಒಬ್ಬನ ಪ್ರಾಣ ಹೋಗುತ್ತೆ ಕಣಪ್ಪಾ. ಸಾಕು ನಂಗೆ" ಎಂದರು. ಬಿಡಿ ಎಂದು ನಾವು ಯಾರೂ ಕೇಳಿರಲಿಲ್ಲ. ಕೇಳುವ ಧೈರ್ಯವೂ ನಮಗೆ ಇರಲಿಲ್ಲ.

ಹಾರಾಟದ ವಿಷಯ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಶಿವರಾತ್ರಿಯ ಆಸುಪಾಸಿನಲ್ಲಿ ನಮ್ಮ ಕಡೆ ನೆಲ ಕಾದು ಬಿಸಿಗಾಳಿ ಏಳುತ್ತದೆ. ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಗುಡ್ಡದ ಅಂಚಿನಿಂದ ಓಡಿ ಹಾರುವ ಗ್ಲೈಡರ್ ಪೈಲಟ್‌ಗಳು ಆ ಗಾಳಿಯನ್ನು ಹಿಡಿದು ಸುತ್ತುತ್ತ ಮೇಲೇರುತ್ತಾರೆ. ಇಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಹಾಗೆ ಏರಿದವರು ಜಾವಗಲ್ ದಾಟಿ, ಹಳೇಬೀಡು ದಾಟಿ, ಅದೃಷ್ಟ ನೆಟ್ಟಗಿದ್ದರೆ ಬೇಲೂರಿನವರೆಗೂ ಹೋಗುತ್ತಾರೆ. ಎಲ್ಲಿ ಇಳಿಯುತ್ತೇವೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಹಳ್ಳಿಗಳಲ್ಲಿ ಅವರಿಗೆ ಕೊಡೆಯೋರು ಎಂದು ಹೆಸರು.

ನಾನು ಬಸ್ ನಿಲ್ದಾಣದ ಹತ್ತಿರ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವವನು. ಇಳಿದವರನ್ನು ನನ್ನ ಹಳೇ ಜೀಪಿನಲ್ಲಿ ಹುಡುಕಿ ತರುವ ಕೆಲಸವೂ ನನ್ನದೇ. ಮೊದಮೊದಲು ಅದು ಕಳೆದುಹೋದ ದನ ಹುಡುಕಿದ ಹಾಗೆಯೇ ಇತ್ತು. ಹೊಲಗಳ ನಡುವೆ ಫೋನಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಆಮೇಲೆ ಕ್ಲಬ್ಬಿನವರು ಸರ್ಕಾರದ ಅನುಮತಿಗೆ ಅಲೆದಾಡಿ ಉಪಗ್ರಹದ ಟ್ರ್ಯಾಕರ್‌ಗಳನ್ನು ತರಿಸಿದರು. ಸೋಪಿನ ಗಾತ್ರದ ಕಿತ್ತಳೆ ಬಣ್ಣದ ಡಬ್ಬಿ. ಪೈಲಟ್ ಅದನ್ನು ಭುಜದ ಪಟ್ಟಿಗೆ ಸಿಕ್ಕಿಸಿಕೊಂಡರೆ ಐದು ನಿಮಿಷಕ್ಕೊಮ್ಮೆ ತಾನಿರುವ ಜಾಗ, ಎತ್ತರ ಎರಡನ್ನೂ ಆಕಾಶಕ್ಕೆ ಕಳಿಸುತ್ತದೆ, ಅದು ಅಲ್ಲಿಂದ ನಮ್ಮ ಲ್ಯಾಪ್‌ಟಾಪಿನ ನಕಾಶೆಯ ಮೇಲೆ ಚುಕ್ಕಿಯಾಗಿ ಮೂಡುತ್ತದೆ. ಅದರಲ್ಲಿ ಎರಡು ಬಟನ್. ಹಸಿರು ಒತ್ತಿದರೆ 'ಇಳಿದೆ, ಕ್ಷೇಮ'. ಮುಚ್ಚಳದ ಕೆಳಗಿನ ಕೆಂಪು ಒತ್ತಿದರೆ 'ಅಪಾಯ'. ಇದನ್ನೆಲ್ಲ ಜೋಡಿಸಿ ಕೊಟ್ಟವನು ನಾನೇ ಆದ್ದರಿಂದ ಆಗ ನನ್ನ ತಲೆ ಒಂದಿಷ್ಟು ತಿರುಗಿತ್ತು.

ಮೇಡಂ ನನ್ನ ಅಂಗಡಿಗೆ ಬಂದದ್ದು ಒಡೆದ ಫೋನಿನ ಗಾಜು ಹಾಕಿಸಲು. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ನಿವೃತ್ತರಾಗಿ ಒಂದು ವರ್ಷವಾಗಿತ್ತು. ನನ್ನ ಪರದೆಯ ಮೇಲೆ ಚುಕ್ಕಿಗಳು ಸರಿಯುತ್ತಿದ್ದುದನ್ನು ಕನ್ನಡಕ ಏರಿಸಿ ನೋಡಿದರು.

"ಇದು ಯಾವ ಸೆಕ್ಷನ್ನು?"

"ಆಕಾಶ ಮೇಡಂ" ಎಂದು ನಕ್ಕು, ಎಲ್ಲವನ್ನೂ ಬಣ್ಣಿಸಿದೆ. ಅವರು ನಗಲಿಲ್ಲ.

"ಚುಕ್ಕಿ ನಿಂತುಬಿಟ್ರೆ?"

"ಇಳಿದರು ಅಂತ ಅರ್ಥ."

"ಯಾರು ಹೇಳಿದ್ದು?"

"ಉಪಗ್ರಹ ಹೇಳುತ್ತೆ ಮೇಡಂ."

"ಉಪಗ್ರಹ ಡಬ್ಬಿ ಎಲ್ಲಿದೆ ಅಂತ ಹೇಳುತ್ತೆ ಕಣಪ್ಪಾ. ಮನುಷ್ಯ ಎಲ್ಲಿದಾನೆ ಅಂತ ಹೇಳಲ್ಲ. ಇದನ್ನ ನೋಡ್ಕೊಳ್ಳೋರು ಯಾರಿದಾರೆ?"

ಯಾರೂ ಇರಲಿಲ್ಲ. ಬಿಡುವಿದ್ದವರು ಆಗಾಗ ಇಣುಕಿ ನೋಡುತ್ತಿದ್ದರು, ಅಷ್ಟೇ. ಮುಂದಿನ ಭಾನುವಾರ ಗುಡ್ಡದ ಬುಡದ ನಮ್ಮ ತಗಡಿನ ಶೆಡ್ಡಿಗೆ ಮೇಡಂ ತಾವಾಗಿ ಬಂದರು. ಕೈಯಲ್ಲಿ ಊಟದ ಡಬ್ಬ, ಅಡಿಕೋಲು, ಮತ್ತು ಉದ್ದನೆಯ ಒಂದು ರಿಜಿಸ್ಟರ್.

ಆ ರಿಜಿಸ್ಟರ್ ನೋಡಿ ನಮ್ಮ ಹುಡುಗರು ಹೊಟ್ಟೆ ಹಿಡಿದು ನಕ್ಕಿದ್ದರು. ಕಂಪ್ಯೂಟರಿನಲ್ಲೇ ಎಲ್ಲ ಉಳಿಯುವಾಗ ಪೆನ್ಸಿಲಿನಲ್ಲಿ ಬರೆಯುವುದೇಕೆ? ಮೇಡಂ ತಲೆಕೆಡಿಸಿಕೊಳ್ಳಲಿಲ್ಲ. ಒಬ್ಬೊಬ್ಬ ಪೈಲಟ್ಟಿಗೆ ಒಂದೊಂದು ನಂಬರು, ಒಂದೊಂದು ಸಾಲು. ಐದು ನಿಮಿಷಕ್ಕೊಮ್ಮೆ ಹೊತ್ತು, ಎತ್ತರ, ಕೆಳಗಿರುವ ಊರು. ಊರೆಂದರೆ ಊರೇ. ಹುಡುಗರು ಅಕ್ಷಾಂಶ ರೇಖಾಂಶ ಎನ್ನುತ್ತಿದ್ದರೆ ಮೇಡಂ ಇಂಥ ಕೆರೆಯ ಕೋಡಿ, ಇಂಥ ಊರಿನ ಶಾಲೆಯ ಹಿಂಭಾಗ ಎಂದು ಬರೆಯುತ್ತಿದ್ದರು. ರಿಜಿಸ್ಟರಿನ ಕೊನೆಯ ಹಾಳೆಗಳಲ್ಲಿ ಊರಿಗೊಂದರಂತೆ ಫೋನ್ ನಂಬರು. ಡೈರಿ ಕಾರ್ಯದರ್ಶಿಯದು, ಬೇಕರಿಯವನದು, ಹೆಡ್ ಮೇಷ್ಟ್ರದು. ಅದಕ್ಕಾಗಿ ಒಂದು ಇಡೀ ತಿಂಗಳು ಬಸ್ಸಿನಲ್ಲಿ ಸುತ್ತಿ, ಕಂಡವರಿಗೆಲ್ಲ "ನಮ್ಮೋರು ನಿಮ್ಮೂರಲ್ಲಿ ಮೇಲಿಂದ ಬಿದ್ರೆ ನೋಡ್ಕೊಳ್ತೀರಾ?" ಎಂದು ಕೇಳಿ ಬಂದಿದ್ದರು. ಬೇಡವೆಂದವರು ಒಬ್ಬರೂ ಇಲ್ಲ ಎಂದು ಹೆಮ್ಮೆಯಿಂದ ಹೇಳುತ್ತಿದ್ದರು.

ಅವರದು ಒಂದೇ ಕಾನೂನು. ಇಳಿದವನು ಸಿಗ್ನಲ್ ಸಿಗುವಲ್ಲಿಗೆ ನಡೆದಾದರೂ ಫೋನ್ ಮಾಡಿ ತನ್ನ ದನಿಯಲ್ಲಿ ನಂಬರು ಹೇಳಬೇಕು, ಊರು ಹೇಳಬೇಕು, ಮೈಕೈ ಸರಿಯಿದೆ ಎನ್ನಬೇಕು. ಆಗ ಮಾತ್ರ ಮೇಡಂ ಆ ಸಾಲಿನ ಕೊನೆಗೆ ಕೆಂಪು ಗೆರೆ ಎಳೆದು ಮುಚ್ಚುತ್ತಿದ್ದರು. ಹಸಿರು ಬಟನ್ನಿಗೆ ಅವರ ಲೆಕ್ಕದಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ಬೆಂಗಳೂರಿನಿಂದ ಹಾರಲು ಬಂದ ದೊಡ್ಡ ಡಾಕ್ಟರೊಬ್ಬರು ಬೇಲೂರಿನಲ್ಲಿ ಇಳಿದು, ಬಟನ್ ಒತ್ತಿ, ಮಸಾಲೆ ದೋಸೆ ತಿಂದು, ಕಾಫಿ ಕುಡಿದು, ಆಮೇಲೆ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಮೇಡಂ ಆ ಡಾಕ್ಟರ ನಂಬರನ್ನು ಬರೆದುಕೊಳ್ಳಲೇ ಇಲ್ಲ.

"ನಾನು ಬರೀದೆ ಯಾರೂ ಹಾರೋ ಹಾಗಿಲ್ಲ ಡಾಕ್ಟ್ರೇ. ಇವತ್ತು ಕೂತು ದೋಸೆ ತಿನ್ನಿ."

ಡಾಕ್ಟರು ಕೆಂಪಗಾದರು. ಕ್ಲಬ್ಬಿನವರು ಕೈಕೈ ಹಿಸುಕಿಕೊಂಡರು. ಮೇಡಂ ಅಡಿಕೋಲಿಟ್ಟು ಮುಂದಿನ ಸಾಲು ಎಳೆಯುತ್ತಿದ್ದರು. ಸಂಜೆಯ ಹೊತ್ತಿಗೆ ಆ ಡಾಕ್ಟರೇ ಪಕ್ಕದಲ್ಲಿ ಕೂತು ಎತ್ತರ ಓದಿ ಹೇಳುತ್ತಿದ್ದರು.

ಈ ಹಟ ಎಲ್ಲಿಂದ ಬಂತು ಎಂದು ಅವರೇ ಹೇಳಿದ್ದಾರೆ. ಹೊಸ ಪೈಲಟ್ ಬಂದಾಗಲೆಲ್ಲ ಹೇಳುತ್ತಿದ್ದರು, ಮುಚ್ಚಿಡುತ್ತಿರಲಿಲ್ಲ. ರೈಲಿನ ಕೊನೆಯ ಬೋಗಿಯ ಹಿಂದೆ ಒಂದು ಹಲಗೆ ತೂಗುಹಾಕಿರುತ್ತಾರೆ. ಸ್ಟೇಷನ್ ಮಾಸ್ಟರ್ ಅದನ್ನು ಕಂಡ ಮೇಲೆಯೇ ಗಾಡಿ ಪೂರ್ತಿ ಬಂತು ಎಂದು ಬರೆಯಬೇಕು. ಇಲ್ಲದಿದ್ದರೆ ಅರ್ಧ ಗಾಡಿ ಹಿಂದೆ ಹಳಿಯ ಮೇಲೇ ಉಳಿದಿರಬಹುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಸಣ್ಣ ಸ್ಟೇಷನ್ನಿನಲ್ಲಿ, ಒಂದು ಮಧ್ಯಾಹ್ನ ಮೇಡಂ ಹಲಗೆ ನೋಡದೆ ಬರೆದುಬಿಟ್ಟರು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ "ಬಂತು ಮೇಡಂ" ಎಂದಿದ್ದ, ಅದನ್ನೇ ನಂಬಿದರು. ತಪಾಸಣೆಗೆ ಬಂದಿದ್ದ ಇನ್‌ಸ್ಪೆಕ್ಟರು ಅಲ್ಲೇ ಕೂತಿದ್ದರು. "ನೀವು ನೋಡಿದ್ರಾ?" ಎಂದು ಕೇಳಿದರು.

"ಇಲ್ಲ ಅಂದೆ. ಗಾಡಿ ಪೂರ್ತಿ ಬಂದಿತ್ತು. ನಾನು ನೋಡಿರಲಿಲ್ಲ. ಮೆಮೊ ಕೊಟ್ರು, ತಗೊಂಡೆ."

"ಸುಳ್ಳು ಹೇಳಬಹುದಿತ್ತಲ್ಲ ಮೇಡಂ, ಏನೂ ಆಗಿರಲಿಲ್ಲವಲ್ಲ?" ಎಂದು ನಾನು ಒಮ್ಮೆ ಕೇಳಿದ್ದೆ.

"ಏನೂ ಆಗ್ದೇ ಇದ್ದಿದ್ದು ನನ್ನಿಂದ ಅಲ್ವಲ್ಲಪ್ಪಾ" ಎಂದರು.

ಇಷ್ಟೆಲ್ಲ ಮಾಡುವವರು ತಾವೊಮ್ಮೆಯೂ ಹಾರಲಿಲ್ಲ. ಇಬ್ಬರು ಕೂತು ಹಾರುವ ರೆಕ್ಕೆ ಇದೆ, ಬನ್ನಿ ಎಂದು ಹುಡುಗರು ಕಾಲಿಗೆ ಬಿದ್ದು ಕರೆದರು. "ನಾನು ಮೇಲೆ ಹೋದ್ರೆ ನನ್ನ ಸಾಲು ಬರೆಯೋರು ಯಾರು, ಇವನಾ?" ಎಂದು ನನ್ನತ್ತ ಬೆರಳು ತೋರಿಸಿದರು. ಆಗ ನನಗೆ ಸಿಟ್ಟು ಬಂದಿತ್ತು. ಅವರು ಹೇಳಿದ್ದು ಸರಿಯೇ ಎಂದು ತಿಳಿಯಲು ನನಗೆ ಒಂದು ಮಾರ್ಚ್ ತಿಂಗಳ ಮಧ್ಯಾಹ್ನ ಬೇಕಾಯಿತು.

ಅವತ್ತು ಹದಿನೈದು ಜನ ಹಾರಿದ್ದರು. ಹದಿನಾಲ್ಕನೇ ನಂಬರು ತುಮಕೂರು ಕಡೆಯ ಒಬ್ಬ ಡ್ರಿಲ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಮಕ್ಕಳನ್ನು ಓಡಿಸುವುದು, ರಜೆ ಬಂದರೆ ಹಾರುವುದು, ಇಷ್ಟೇ ಅವರ ಲೋಕ. ಮೇಡಂ ಶೆಡ್ಡಿನಲ್ಲಿದ್ದರು. ನಾನು ಜೀಪಿನೊಡನೆ ಹಳೇಬೀಡಿನ ಕೆರೆ ಏರಿಯ ಮೇಲೆ ಕಾದಿದ್ದೆ. ಎರಡೂ ಮುಕ್ಕಾಲಿಗೆ ಮೇಡಂ ಫೋನ್ ಬಂತು.

"ಹದಿನಾಲ್ಕು ಬಸ್ತಿಹಳ್ಳಿ ದಾಟಿ ಹಗರೆ ರಸ್ತೆ ಪಕ್ಕ ನಿಂತಿದೆ. ಫೋನ್ ಹತ್ತುತಾ ಇಲ್ಲ. ಹೋಗಿ ನೋಡು."

ನಾನು ಹೋಗಲಿಲ್ಲ. ಇಳಿದವರು ರೆಕ್ಕೆ ಮಡಿಸಲು ಅರ್ಧ ಗಂಟೆ ಬೇಕು, ಫೋನಿನ ಬ್ಯಾಟರಿ ಮುಗಿದಿರುತ್ತದೆ, ಇದು ದಿನಾ ಇದ್ದದ್ದೇ. ಮೂರು ಗಂಟೆ ಕಳೆದು ಐದು ನಿಮಿಷಕ್ಕೆ ನನ್ನ ಮೊಬೈಲಿಗೂ ಸಂದೇಶ ಬಂತು: ಹದಿನಾಲ್ಕು, ಇಳಿದೆ, ಕ್ಷೇಮ. ಮೇಡಂಗೆ ನಾನೇ ಫೋನ್ ಮಾಡಿದೆ. "ಹಸಿರು ಬಂತಲ್ಲ, ಸಾಲು ಮುಚ್ಚಿ" ಎಂದೆ.

"ದನಿ ಕೇಳಿಲ್ಲ. ಹೋಗು ಅಂದ್ನಲ್ಲ."

ಮೂರೂ ಇಪ್ಪತ್ತಕ್ಕೆ ಚುಕ್ಕಿ ರಸ್ತೆಗೆ ಹತ್ತಿ ಹಗರೆ ಕಡೆಗೆ ಓಡತೊಡಗಿತು. ಮೇಷ್ಟ್ರು ಬಸ್ಸು ಹತ್ತಿದ್ದಾರೆ! ನನ್ನ ಜೀಪಿನಲ್ಲಿದ್ದ ಆರು ಪೈಲಟ್‌ಗಳೂ ಚಪ್ಪಾಳೆ ಹೊಡೆದರು. ಮೇಡಂ ಮತ್ತೆ ಫೋನ್ ಮಾಡಿದಾಗ ನಾನು ರೇಗಿಬಿಟ್ಟೆ. ಇರುವುದೊಂದು ಜೀಪು, ಬಿಸಿಲಲ್ಲಿ ಇನ್ನೂ ನಾಲ್ಕು ಜನ ಕಾಯುತ್ತಿದ್ದಾರೆ, ಬಸ್ಸಿನಲ್ಲಿ ಕೂತವರನ್ನು ಹೊಲದಲ್ಲಿ ಹುಡುಕಬೇಕೆ ಎಂದು ಕೂಗಾಡಿದೆ. ಆ ಕಡೆ ಮೇಡಂ ಕೂಗಲಿಲ್ಲ.

"ನನ್ನ ರಿಜಿಸ್ಟರ್ ಓದ್ತೀನಿ, ಕೇಳ್ಕೋ. ಎರಡೂ ಮೂವತ್ತೈದಕ್ಕೆ ಹದಿನಾಲ್ಕು ನೆಲದಿಂದ ಒಂದು ಕಿಲೋಮೀಟ್ರು ಮೇಲಿತ್ತು. ಎರಡೂ ನಲವತ್ತಕ್ಕೆ ನೆಲದ ಮೇಲಿದೆ. ಎರಡು ವರ್ಷದಿಂದ ಬರೀತಾ ಇದೀನಿ. ಆ ಎತ್ತರದಿಂದ ಕಾಲು ಗಂಟೆಗಿಂತ ಬೇಗ ಇಳಿದೋರು ನನ್ನ ಪುಸ್ತಕದಲ್ಲಿ ಒಬ್ಬರೂ ಇಲ್ಲ. ಟೈಮಿಗೆ ಮೊದಲು ಬಂದ ಗಾಡೀನ ನಾನು ನಂಬಲ್ಲಪ್ಪಾ. ಬಟನ್ ಒತ್ತಿದ್ದು ಯಾರು, ಬಸ್ಸು ಹತ್ತಿದ್ದು ಯಾರು, ನೀನು ನೋಡಿದ್ಯಾ?"

ನಕಾಶೆಯ ಮೇಲೆ ನೋಡಿದರೆ ಗೆರೆ ಸಲೀಸಾಗಿಯೇ ಇತ್ತು. ನಕಾಶೆಗೆ ಎತ್ತರ ಎಲ್ಲಿದೆ? ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಂಕಿ. ಅದನ್ನು ನಾನು ಓದಿಯೇ ಇರಲಿಲ್ಲ.

"ಚುಕ್ಕಿ ಮೊದಲು ನಿಂತ ಜಾಗಕ್ಕೆ ಹೋಗು. ಅಲ್ಲಿ ಇಲ್ಲ ಅಂದ್ರೆ ಗಾಳಿ ಹೋದ ಕಡೆ, ಪಡುವಣಕ್ಕೆ, ಎಲ್ಲರೂ ಸಾಲಾಗಿ ನಡೀರಿ. ಬಸ್ಸು ನಾನು ನೋಡ್ಕೋತೀನಿ."

ನೋಡಿಕೊಂಡರು. ರಿಜಿಸ್ಟರಿನ ಕೊನೆಯ ಹಾಳೆ ತೆಗೆದು ಹಗರೆಯ ಬೇಕರಿಯವನಿಗೆ ಫೋನ್ ಮಾಡಿದರು. ಅವನು ಗಿರಾಕಿಗಳನ್ನು ಬಿಟ್ಟು ಓಡಿ, ಬಸ್ಸು ನಿಂತದ್ದೇ ಒಳಗೆ ಹತ್ತಿ ಎಲ್ಲ ಸೀಟು ನೋಡಿ ಬಂದು ಹೇಳಿದ: "ಡಬ್ಬಿ ಕಂಡಕ್ಟರ್ ಬ್ಯಾಗಲ್ಲೈತೆ ಕಣಮ್ಮಾ. ಯಾರೋ ರೈತರು ಕೊಟ್ಟವ್ರಂತೆ. ಕೊಡೆಯೋರು ಯಾರೂ ಇಲ್ಲ ಬಸ್ಸಲ್ಲಿ."

ಅಷ್ಟರಲ್ಲಿ ನಾವು ಆ ಹೊಲದಲ್ಲಿದ್ದೆವು. ಬದುವಿನ ಮೇಲೆ ಕೂತಿದ್ದ ರೈತನೊಬ್ಬ ಎದ್ದು ಬಂದ. "ಬಸದಿ ನೋಡಕ್ ಬಂದೋರು ಯಾರೋ ಬೀಳಿಸ್ಕಂಡವ್ರೆ ಅಂತ ಮಾಡ್ದೆ ಸ್ವಾಮಿ. ಅವ್ರು ಹಾಸ್ನದ್ ಕಡೀಗೆ ತಾನೇ ಹೋಗೋದು, ಅದ್ಕೇ ಕಂಡಕ್ಟರ್ ಕೈಗೆ ಕೊಟ್ಟೆ. ಮಾತಾಡತದೇನೋ ಅಂತ ಹಸಿರು ಬಟನ್ ಒತ್ತಿದ್ದೆ, ತಪ್ಪಾಯ್ತಾ?" ಎಂದ. ಪರರ ವಸ್ತು ಕೈಗೆ ಸಿಕ್ಕರೆ ಜೇಬಿಗೆ ಹಾಕಿಕೊಳ್ಳದ ಊರಿನಲ್ಲಿ ಮಾತ್ರ ಆಗುವ ಎಡವಟ್ಟು ಇದು. ಅವನೂ ನಮ್ಮ ಜೊತೆ ಸಾಲಿನಲ್ಲಿ ನಡೆದ.

ಅರ್ಧ ಕಿಲೋಮೀಟರು ಪಡುವಣಕ್ಕೆ, ಒಣಗಿದ ಕಟ್ಟೆಯೊಂದರ ಜಾಲಿ ಪೊದೆಗಳ ನಡುವೆ ಡ್ರಿಲ್ ಮೇಷ್ಟ್ರು ಬಿದ್ದಿದ್ದರು. ಆಕಾಶದಲ್ಲೇ ರೆಕ್ಕೆ ಮಡಿಚಿಕೊಂಡಿದೆ. ಆಪತ್ತಿಗೆಂದು ಇಟ್ಟುಕೊಳ್ಳುವ ಸಣ್ಣ ಪ್ಯಾರಾಚೂಟನ್ನು ಅವರು ಹೊರಗೆಸೆದು ಬಿಚ್ಚಿಕೊಂಡಿದ್ದಾರೆ. ಆ ಎಳೆದಾಟದಲ್ಲಿ ಭುಜದ ಡಬ್ಬಿ ಕಿತ್ತು ನೇರ ಕೆಳಗೆ ಬಿದ್ದಿದೆ, ಮೇಷ್ಟ್ರನ್ನು ಗಾಳಿ ಇತ್ತ ಒಯ್ದಿದೆ. ಬಲತೊಡೆ ಮುರಿದಿತ್ತು, ಫೋನು ಚೂರಾಗಿತ್ತು, ತುಟಿ ಒಣಗಿ ಬಿಳಿಚಿತ್ತು. ಕಣ್ಣು ಬಿಟ್ಟು ನಮ್ಮನ್ನು ನೋಡಿದರು, ಗುರುತು ಹಿಡಿಯಲಿಲ್ಲ. ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಮೇಷ್ಟ್ರ ತಾಯಿ ಇದನ್ನು ಓದಬಹುದು. ಆ ತಡದಲ್ಲಿ ಮುಕ್ಕಾಲು ಗಂಟೆ ನನ್ನದು. ಅದನ್ನು ನೆನೆದಾಗ ಇವತ್ತಿಗೂ ನಾಚಿಕೆಯಾಗುತ್ತದೆ. ಮೇಡಂ ಮಾತ್ರ ಅದನ್ನು ಒಂದು ಸಲವೂ ಎತ್ತಿ ಆಡಲಿಲ್ಲ.

ಕ್ಲಬ್ಬಿನವರು ಶಾಲು, ಹಾರ ತಂದರು. ಮೇಡಂ ಶಾಲನ್ನು ಮಡಿಸಿಕೊಂಡು, ನನ್ನ ಜೀಪಿನಲ್ಲೇ ಹೊರಟು ಆ ರೈತನ ಮನೆಗೆ ಹೋದರು. ಅವನು ಪೊಲೀಸರು ಬರುತ್ತಾರೇನೋ ಎಂದು ಹೆದರಿ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. "ನೀವು ಡಬ್ಬಿ ಕೊಟ್ಟು ಕಳಿಸಿದ್ದಕ್ಕೇ ಅದು ಓಡಾಡ್ತು, ಓಡಾಡಿದ್ದಕ್ಕೇ ಇವ್ನು ಜೀಪು ಹತ್ತಿದ್ದು" ಎಂದು ಶಾಲನ್ನು ಅವನಿಗೆ ಹೊದಿಸಿದರು. ಪೂರ್ತಿ ನಿಜವಲ್ಲ ಅದು. ಜೀವಮಾನದಲ್ಲಿ ಮೇಡಂ ಹೇಳಿದ ಒಂದೇ ಅರ್ಧ ಸುಳ್ಳು ಅದೇ ಇರಬೇಕು. ಆಮೇಲೆ ರಿಜಿಸ್ಟರಿನಲ್ಲಿ ಅವನ ಫೋನ್ ನಂಬರನ್ನೂ ಬರೆದುಕೊಂಡರು.

ಒಂದು ವಿಷಯ ನನಗೆ ಅರ್ಥವಾಗಿರಲಿಲ್ಲ. ಹಾರಾಟದ ಕಾಲ ಮುಗಿದು ರಿಜಿಸ್ಟರ್ ತಿರುವಿದಾಗ ಹದಿನಾಲ್ಕನೇ ಸಾಲು ತೆರೆದೇ ಇತ್ತು. ಕೆಂಪು ಗೆರೆ ಇಲ್ಲ.

"ಮೇಷ್ಟ್ರು ಸಿಕ್ಕರಲ್ಲ ಮೇಡಂ? ಆಸ್ಪತ್ರೆಯಿಂದ ನಿಮ್ಮ ಹತ್ತಿರ ಮಾತೂ ಆಡಿದರಲ್ಲ?"

"ಮೈಕೈ ಸರಿ ಇದೆ ಅಂದ್ರಾ? ಇಲ್ವಲ್ಲ. ಇನ್ನೂ ಪೂರ್ತಿ ಬಂದಿಲ್ಲ ಕಣಪ್ಪಾ."

ಮೇಷ್ಟ್ರ ಕಾಲಿಗೆ ಎರಡು ಸಲ ಆಪರೇಷನ್ ಆಯಿತು. ಡ್ರಿಲ್ ಮೇಷ್ಟ್ರ ಕೆಲಸವೇ ಕಾಲಿನ ಮೇಲೆ ನಿಂತದ್ದು. ಇನ್ನು ಕುಂಟುತ್ತಲೇ ಇರಬೇಕಾಗುತ್ತದೋ ಏನೋ ಎಂದು ಒಬ್ಬ ಡಾಕ್ಟರು ಹೇಳಿದ್ದರು. ಮೇಡಂ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಸಮಾಧಾನದ ಮಾತೊಂದೂ ಇಲ್ಲ. "ಇವತ್ತು ಎಷ್ಟು ಹೆಜ್ಜೆ?" ಎಂದು ಕೇಳಿ ಇಟ್ಟುಬಿಡುತ್ತಿದ್ದರು. ಈ ಫೋನಿಗೆ ಹೆದರಿಯೇ ನಡೆದೆ ಎಂದು ಮೇಷ್ಟ್ರು ಆಮೇಲೆ ಹೇಳಿದರು.

ದೀಪಾವಳಿ ಕಳೆದ ವಾರ ನಾನು ಮೇಡಂ ಮನೆಯ ಜಗಲಿಯಲ್ಲಿ ಕೂತಿದ್ದೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಗೇಟು ತೆರೆದ ಸದ್ದಾಯಿತು. ಡ್ರಿಲ್ ಮೇಷ್ಟ್ರು. ತುಮಕೂರಿನಿಂದ ರೈಲಿನಲ್ಲಿ ಬಂದು, ಸ್ಟೇಷನ್ನಿನಿಂದ ಅಲ್ಲಿಯವರೆಗೆ ನಡೆದೇ ಬಂದಿದ್ದರು. ಕೈಯಲ್ಲಿ ಕೋಲಿರಲಿಲ್ಲ. ನಾನು ಎದ್ದು ಓಡಿ ಕೈ ಹಿಡಿಯಲು ಹೋದೆ.

"ಮುಟ್ಟಬೇಡ" ಎಂದರು ಮೇಡಂ. ಆಮೇಲೆ ಮೇಷ್ಟ್ರಿಗೆ, "ವಾಪಸ್ ಗೇಟಿಗೆ ಹೋಗಿ. ಇನ್ನೊಂದ್ ಸಲ ನಡ್ಕೊಂಡ್ ಬನ್ನಿ."

ಮೇಷ್ಟ್ರು ನಕ್ಕು ಹಿಂದಕ್ಕೆ ಹೋದರು. ಅಲ್ಲಿಂದ ಎದೆ ಸೆಟೆಸಿ, ಶಾಲೆಯ ಮೈದಾನದಲ್ಲಿ ಮಕ್ಕಳ ಮುಂದೆ ನಡೆಯುವ ಹಾಗೆ, ಅಂಗಳದುದ್ದಕ್ಕೂ ನಡೆದು ಬಂದರು. ಮೇಡಂ ಎದ್ದು ನಿಂತು ಅವರ ಹಿಮ್ಮಡಿ ಮೆಟ್ಟಿಲು ಮುಟ್ಟುವವರೆಗೂ ಕಣ್ಣು ತೆಗೆಯದೆ ನೋಡಿದರು. ಆಮೇಲೆ ಒಳಗೆ ಹೋಗಿ ರಿಜಿಸ್ಟರ್ ತಂದರು.

"ನಂಬರು?"

"ಹದಿನಾಲ್ಕು ಮೇಡಂ."

"ಊರು?"

"ಅರಸೀಕೆರೆ."

"ಮೈಕೈ?"

ಮೇಷ್ಟ್ರು ಬಗ್ಗಿ ಬಲತೊಡೆ ಸವರಿಕೊಂಡರು. ಮೇಡಂ ಪೆನ್ನು ಹಿಡಿದುಕೊಂಡು ಕಾದರು. ಅವಸರ ಮಾಡಲಿಲ್ಲ. ನಾನು ಇನ್ನೇನು ಮೇಷ್ಟ್ರ ಪರವಾಗಿ ಹೇಳಿಬಿಡುತ್ತಿದ್ದೆ, ಅಷ್ಟರಲ್ಲಿ ಅವರೇ ನೆಟ್ಟಗೆ ನಿಂತು, "ಸರಿ ಇದೆ ಮೇಡಂ" ಎಂದರು.

ಮೇಡಂ ಗೋಡೆ ಗಡಿಯಾರ ನೋಡಿ ಹೊತ್ತು ಬರೆದರು, ಹನ್ನೊಂದು ಹತ್ತು. ಕೆಂಪು ಗೆರೆ ಎಳೆದರು. ಷರಾ ಎಂಬ ಕಾಲಮ್ಮಿನಲ್ಲಿ ಏನೋ ಬರೆದು, ರಿಜಿಸ್ಟರನ್ನು ನನ್ನ ಕೈಗೆ ಕೊಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಎಲೆ ಹಾಕಲು ಒಳಗೆ ಹೋದರು. ನಾನು ಓದಿದೆ.

'ಎಂಟು ತಿಂಗಳು ತಡ. ಪೂರ್ತಿ ಬಂದರು. ನಾನೇ ನೋಡಿದೆ.'